ಬೀರುವಿನೊಳಗಿನ ಓದು

ನಮ್ಮ ದೊಡ್ಡಮ್ಮ ಓದುವುದು ಬಟ್ಟೆ ಬೀರುವಿನೊಳಗೆ ಕೂತುಕೊಂಡು. ಕೇಳಿದವರು ನಗುತ್ತಾರೆ, ಅದಕ್ಕೇ ಆ ವಿಷಯವನ್ನು ಮೊದಲೇ ಸರಿಯಾಗಿ ಹೇಳಿಬಿಡುವುದು ಒಳ್ಳೆಯದು.

ಅವರ ಮಲಗುವ ಕೋಣೆಯ ಒಂದು ಗೋಡೆಯುದ್ದಕ್ಕೂ ಮರದ ಬೀರು ಇದೆ. ಬಲಕ್ಕೆ ಅರೆಗಳು, ಎಡಕ್ಕೆ ಬಟ್ಟೆ ನೇತುಹಾಕುವ ಜಾಗ. ಆ ಎಡಭಾಗದಲ್ಲಿ ಒಂದು ಗಿಡ್ಡ ಸ್ಟೂಲು, ತಲೆಯ ಮೇಲೆ ಕೊಕ್ಕೆಗೆ ಸಿಕ್ಕಿಸಿದ ಬ್ಯಾಟರಿ ದೀಪ, ತೊಡೆಯ ಮೇಲೆ ಪುಸ್ತಕ, ಗಲ್ಲದ ಹತ್ತಿರ ಮೈಕು. ಮೈಕಿನ ವೈರು ಬಾಗಿಲಿನ ಕೆಳಗಿನ ಸಂದಿಯಿಂದ ಹೊರಬಂದು ಮೇಜಿನ ಮೇಲಿನ ಕಂಪ್ಯೂಟರಿಗೆ ಸೇರುತ್ತದೆ. ಎದುರು ಮನೆಯ ಕೆಳಗಡೆ ಲೇಥ್ ಮೆಷಿನ್ನಿನ ವರ್ಕ್‌ಶಾಪು. ಕಬ್ಬಿಣ ಕೊರೆಯುವ ಸದ್ದು ಬೆಳಗಿನಿಂದ ಸಂಜೆಯವರೆಗೆ ಹಲ್ಲಿನ ಬೇರಿಗೇ ಇಳಿಯುತ್ತದೆ. ಬೀರುವಿನ ಬಾಗಿಲು ಎಳೆದುಕೊಂಡರೆ ಅರ್ಧ ಸದ್ದು ನಿಲ್ಲುತ್ತದೆ, ಉಳಿದರ್ಧವನ್ನು ಕಂಬಳಿಗಳೂ ದೊಡ್ಡಪ್ಪನ ಅಂಗಿಗಳೂ ನುಂಗುತ್ತವೆ. ದೊಡ್ಡಮ್ಮ ಓದುವುದು ಕಣ್ಣು ಕಾಣದವರ ಗ್ರಂಥಾಲಯಕ್ಕೆ. ಅಲ್ಲಿಗೆ ಕೊಡುವ ರೆಕಾರ್ಡಿಂಗಿನಲ್ಲಿ ಓದುವವರ ದನಿ ಬಿಟ್ಟು ಬೇರೇನೂ ಕೇಳಿಸಬಾರದು. ಅದಕ್ಕೆ ಬೀರು.

“ಸೆಕೆಯಾಗಲ್ವಾ ಅಕ್ಕಾ?” ಎಂದು ನಮ್ಮಮ್ಮ ಕೇಳಿದ್ದಳು.

“ಆಗ್ದೆ ಇರುತ್ತಾ? ಒಂದು ಪಾಠ ಮುಗಿಸಿ ಹೊರಗೆ ಬಂದ್ರೆ ಹಬೆಯಲ್ಲಿ ಬೇಯಿಸಿ ತೆಗೆದ ಹಾಗಿರ್ತೀನಿ. ಆದ್ರೆ ನಿನ್ನ ಭಾವನ ಅಂಗಿಗಳಿಗೆ ವಿದ್ಯೆ ಹತ್ತಿದೆ ನೋಡು. ಈಗ ಅವರಿಗಿಂತ ಅವೇ ವಾಸಿ.”

ದೊಡ್ಡಮ್ಮ ಮೊದಲು ಅಚ್ಚುಮನೆಯಲ್ಲಿದ್ದವಳು. ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು ಅವಳ ಕೆಲಸ. ಪಕ್ಕದಲ್ಲಿ ಕುಳಿತ ಪ್ರೂಫಿನವರು ಕೇಳುತ್ತ ಅಚ್ಚಾದ ಹಾಳೆಯನ್ನು ತಿದ್ದುತ್ತಿದ್ದರು. ಹಾಗೆ ಓದುವಾಗ ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಆ ಅಭ್ಯಾಸ ಮನೆಗೂ ಬಂದಿತ್ತು. ಸಿಟ್ಟು ಬಂದರೆ “ಮುಗೀತು, ಪೂರ್ಣವಿರಾಮ” ಎಂದು ಎದ್ದು ಹೋಗುತ್ತಿದ್ದಳು. ಅಚ್ಚುಮನೆ ಮುಚ್ಚಿದ ಮೇಲೆ ಕೆಲವು ಕಾಲ ಅವಳ ದನಿಗೆ ಕೆಲಸವೇ ಇರಲಿಲ್ಲ. ಮನೆಯಲ್ಲಿ ಇರುವುದು ಇಬ್ಬರೇ, ದೊಡ್ಡಪ್ಪನದು ಮಾತು ಕಡಿಮೆ. ಹಳೆಯ ಪ್ರೂಫಿನವರೊಬ್ಬರು ಗ್ರಂಥಾಲಯದ ಮೇಡಂಗೆ ಅವಳ ವಿಷಯ ತಿಳಿಸಿದರು. ಹೀಗೆ ಅವಳು ಬೀರುವಿಗೆ ಹೋದಳು.

ಇನ್ನು ದೊಡ್ಡಪ್ಪ. ಅವರದು ಬೀಗದ ಅಂಗಡಿ. ಅಂಗಡಿಯೆಂದರೆ ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಒಂದು ಹಲಗೆ, ಬಡಿಯಲು ಒಂದು ಅಡಿಗಲ್ಲು, ಗೋಡೆ ತುಂಬ ಹಲ್ಲು ಕೊರೆಯದ ಕೀಗಳು. ಬೀದಿಯವರೆಲ್ಲ ಅವರನ್ನು ಬೀಗದಣ್ಣ ಅನ್ನುತ್ತಾರೆ. ಬೀಗದ ಕೆಲಸದವರಿಗೆ ಬೀಗದ ಮೇಲೆ ನಂಬಿಕೆ ಹೆಚ್ಚು ಎಂದು ನಾವು ಅಂದುಕೊಂಡಿರುತ್ತೇವೆ. ದೊಡ್ಡಪ್ಪನಿಗೆ ನಂಬಿಕೆಯೇ ಇರಲಿಲ್ಲ. ಎಂಥ ಬೀಗವನ್ನು ತಂದುಕೊಟ್ಟರೂ ಒಂದು ತಂತಿ, ಒಂದು ಅರ, ಸ್ವಲ್ಪ ಹೊತ್ತು, ಅಷ್ಟೇ. ಬಿಚ್ಚಿಕೊಂಡ ಬೀಗವನ್ನು ಅವರು ಸ್ವಲ್ಪ ಬೇಜಾರಿನಿಂದಲೇ ಗಿರಾಕಿಗೆ ಹಿಂತಿರುಗಿಸುತ್ತಿದ್ದರು. ತಮ್ಮ ಕೈಗೆ ಬರುವ ಉಪಾಯ ಊರಿನಲ್ಲಿ ಇನ್ನೆಷ್ಟು ಕೈಗಳಿಗೆ ಬರುತ್ತದೋ ಎಂದು ಅವರಿಗೆ ಸದಾ ಚಿಂತೆ.

ಅವರ ಕಸುಬಿನಲ್ಲಿ ಎರಡು ಕಟ್ಟುನಿಟ್ಟುಗಳಿದ್ದವು. ಗಿರಾಕಿ ಒಂದು ಕೀಯನ್ನು ತಂದರೆ ಅದರ ಅಚ್ಚನ್ನು ಸೋಪಿನ ಬಿಲ್ಲೆಯ ಮೇಲೆ ಒತ್ತಿ ತೆಗೆದು, ಅದನ್ನು ನೋಡಿಕೊಂಡು ಹೊಸ ಕೀ ಉಜ್ಜುತ್ತಿದ್ದರು. ಕೆಲಸ ಮುಗಿದ ತಕ್ಷಣ ಗಿರಾಕಿಯ ಕಣ್ಣೆದುರಿಗೇ ಆ ಸೋಪನ್ನು ಹೆಬ್ಬೆರಳಿನಿಂದ ತಿಕ್ಕಿ ನುಣ್ಣಗೆ ಮಾಡುತ್ತಿದ್ದರು. “ನಿಮ್ಮ ಮನೆ ಅಚ್ಚು ನನ್ನ ಹತ್ರ ಇರಬಾರದು. ನೋಡ್ಕೊಳ್ಳಿ, ಹೋಯ್ತು.” ಇದಕ್ಕಾಗಿಯೇ ದೂರದಿಂದ ಅವರನ್ನು ಹುಡುಕಿಕೊಂಡು ಬರುವವರಿದ್ದರು. ಎರಡನೆಯದು, ಹಳೆಯ ಬೀಗವನ್ನು ಯಾರಾದರೂ ಕೊಂಡು ತಂದರೆ ಮೊದಲು ಒಳಗಿನ ಪಿನ್ನುಗಳನ್ನು ಬದಲಿಸಿ ಹಿಂದಿನ ಮಾಲೀಕರ ಕೀ ನಡೆಯದಂತೆ ಮಾಡಬೇಕು. ಆಮೇಲೆಯೇ ಬೇರೆ ಮಾತು.

ಅವರ ಮನೆಯ ಮುಂಬಾಗಿಲಿಗೆ ಇದ್ದದ್ದು ಎಳೆದರೆ ತಾನೇ ಬೀಳುವ ಬೀಗ. ಒಳಗಿನಿಂದ ಗುಂಡಿ ತಿರುಗಿಸಿದರೆ ತೆರೆಯುತ್ತದೆ, ಹೊರಗಿನಿಂದ ಕೀ ಬೇಕು. ಕೀ ಒಂದೇ, ಅದು ದೊಡ್ಡಪ್ಪನ ಸೊಂಟದಲ್ಲಿ. ಜೊತೆಗೆ ಬಂದಿದ್ದ ಇನ್ನೊಂದು ಕೀಯ ಹಲ್ಲುಗಳನ್ನು ಅವರು ಕೊಂಡ ದಿನವೇ ಅರ ಹಾಕಿ ಸವೆಸಿಬಿಟ್ಟಿದ್ದರು. ಒಡೆಯದೆ ಮುರಿಯದೆ ಖಾಲಿಯಾದ ಮನೆಗಳನ್ನು ಅವರು ಕಂಡಿದ್ದರು, ಪ್ರತಿ ಸಲವೂ ಎಲ್ಲೋ ಒಂದು ಎರಡನೇ ಕೀ ಇದ್ದೇ ಇರುತ್ತಿತ್ತಂತೆ. ದೊಡ್ಡಮ್ಮ ಅಚ್ಚುಮನೆಗೆ ಹೋಗುತ್ತಿದ್ದಾಗ ಇದು ತೊಡಕಾಗಿರಲಿಲ್ಲ. ಅವಳು ಬರುವ ಹೊತ್ತಿಗೆ ದೊಡ್ಡಪ್ಪ ಅಂಗಡಿ ಮುಚ್ಚಿ ಬಂದಿರುತ್ತಿದ್ದರು. ಅಚ್ಚುಮನೆ ನಿಂತ ಮೇಲೆ ಗೊತ್ತಾಯಿತು: ಅವಳು ಯಾವಾಗ ಬೇಕಾದರೂ ಹೊರಗೆ ಹೋಗಬಹುದು, ಆದರೆ ಒಮ್ಮೆ ಹೋದರೆ ಸಂಜೆಯವರೆಗೆ ಒಳಗೆ ಬರುವಂತಿಲ್ಲ. ಒಂದೆರಡು ಸಲ ತರಕಾರಿ ಚೀಲ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಎದುರುಮನೆ ಅಜ್ಜಿ “ಏನಮ್ಮಾ, ಬೀಗದವನ ಹೆಂಡ್ತಿ ಬೀದೀಲಿ” ಎಂದು ಚುಚ್ಚಿದ ಮೇಲೆ ಹೋಗುವುದನ್ನೇ ಬಿಟ್ಟಳು. ಬೇಕಾದದ್ದನ್ನು ದೊಡ್ಡಪ್ಪನೇ ತಂದುಹಾಕುತ್ತಿದ್ದರು. ಕೂಡಿಹಾಕಿದ್ದಾರೆ ಎಂದು ಯಾರೂ ಅನ್ನುವಂತಿರಲಿಲ್ಲ. ಬಾಗಿಲು ಒಳಗಿನಿಂದ ತೆರೆದೇ ಇತ್ತಲ್ಲ.

ಓದಿಗಾಗಿ ಕಂಪ್ಯೂಟರ್ ಬೇಕಾಯಿತು. ಮುಚ್ಚಿಹೋದ ಯಾವುದೋ ಕಚೇರಿಯ ಹಳೆಯ ಕಂಪ್ಯೂಟರನ್ನು ದೊಡ್ಡಪ್ಪ ತಂದರು. ಗ್ರಂಥಾಲಯದ ಮೇಡಂ ಫೋನಿನಲ್ಲಿ, “ಅದರಲ್ಲೇ ಮೊದಲಿಂದ ಇರೋ ಸೆಕ್ಯುರಿಟಿ ಸಾಕು, ಎಲ್ಲಾ ಆನ್ ಮಾಡ್ಕೊಳ್ಳಿ, ಬೇರೆ ಏನೂ ಕೊಳ್ಳೋದು ಬೇಡ” ಎಂದಿದ್ದರು. ಹಾಗೆ ಹೇಳಿದ್ದು ಬೀಗದವರ ಮನೆಗೆ ಎಂದು ಆ ಮೇಡಂಗೆ ಗೊತ್ತಿರಲಿಲ್ಲ.

ದೊಡ್ಡಪ್ಪ ಒಂದು ಭಾನುವಾರ ಕನ್ನಡಕ ಹಾಕಿಕೊಂಡು ಅದರ ಮುಂದೆ ಕುಳಿತರು. ಸೆಟ್ಟಿಂಗ್ಸಿನ ಒಂದೊಂದು ಪುಟವನ್ನೂ ಬೆರಳಿಟ್ಟು ಓದಿದರು. ಫೈರ್‌ವಾಲ್ ಹಾಕಿದರು. “ಇದು ಕಾಂಪೌಂಡು.” ವೈರಸ್ ಕಾಯುವುದನ್ನು ಹಾಕಿದರು. “ಇದು ವಾಚ್‌ಮನ್.” ಎರಡು ನಿಮಿಷ ಮುಟ್ಟದಿದ್ದರೆ ಪರದೆ ತಾನೇ ಲಾಕ್ ಆಗುವ ಹಾಗೆ ಮಾಡಿದರು. ಪಾಸ್‌ವರ್ಡ್ ಎಷ್ಟು ಉದ್ದವಿತ್ತೆಂದರೆ ದೊಡ್ಡಮ್ಮ ಅದನ್ನು ಪ್ರೂಫಿನ ಹಾಗೆ ರಾಗವಾಗಿ ಹೇಳಿಕೊಂಡು ಟೈಪ್ ಮಾಡಬೇಕಿತ್ತು. ಒಂದು ಪುಟದಲ್ಲಿ, ಮೈಕನ್ನು ಯಾವ ಯಾವ ಪ್ರೋಗ್ರಾಂ ಬಳಸಬಹುದು ಎಂದು ಕೇಳಿತ್ತು. ದೊಡ್ಡಪ್ಪ ಯಾವುದೂ ಬೇಡ ಎಂದರು. ದೊಡ್ಡಮ್ಮ ಮೊದಲ ಪಾಠವನ್ನು ಪೂರ್ತಿ ಓದಿ, ಬೆವರು ಒರೆಸಿಕೊಂಡು ಹೊರಗೆ ಬಂದು ನೋಡಿದರೆ ರೆಕಾರ್ಡಿಂಗಿನಲ್ಲಿ ಏನೂ ಇರಲಿಲ್ಲ.

“ಯಾರಾದ್ರೂ ಕದ್ದು ಕೇಳಿಸ್ಕೊಂಡ್ರೆ?” ಎಂದರು ದೊಡ್ಡಪ್ಪ.

“ಕೇಳಿಸ್ಕೊಳ್ಳಲಿ ಅಂತಾನೇ ಅಲ್ವೇನ್ರೀ ನಾನು ಓದ್ತಿರೋದು?”

ಅದನ್ನೊಂದು ಸಡಿಲ ಮಾಡಿದರು. ಆಮೇಲೆ ಡಿಸ್ಕ್ ಎನ್‌ಕ್ರಿಪ್ಷನ್ ಎಂಬ ಪುಟ ಬಂತು. ಅದನ್ನು ಹಾಕಿದರೆ ಒಳಗಿರುವುದೆಲ್ಲ ಕಲಸಿದ ಅಕ್ಷರಗಳಾಗಿ ಕೂರುತ್ತದೆ. ಕಂಪ್ಯೂಟರನ್ನೇ ಕದ್ದು, ಡಿಸ್ಕ್ ಕಿತ್ತು ಬೇರೆ ಕಡೆ ಹಾಕಿದರೂ ಕಳ್ಳನಿಗೆ ಏನೂ ಸಿಗುವುದಿಲ್ಲ. ದೊಡ್ಡಪ್ಪ ಆ ಪುಟವನ್ನು ಮತ್ತೆ ಮತ್ತೆ ಓದಿದರು. ಅಂಗಡಿಗೆ ಬರುತ್ತಿದ್ದ ಕಂಪ್ಯೂಟರಿನವರೊಬ್ಬರನ್ನು ಫೋನ್ ಮಾಡಿ ಕೇಳಿದರು: ಯಾರೂ ತೆಗೆಯಲಿಕ್ಕಾಗುವುದಿಲ್ಲವೇ? ತಂತಿಯಂಥದ್ದು ಏನೂ ಇಲ್ಲವೇ? ಇಲ್ಲ ಎಂದರಂತೆ. ಫೋನ್ ಇಟ್ಟು ದೊಡ್ಡಪ್ಪ ಪರದೆಯ ಕಡೆ ತಿರುಗಿದರು. “ಇದಪ್ಪಾ ಬೀಗ ಅಂದ್ರೆ,” ಎಂದರು. ದೊಡ್ಡಮ್ಮ ಹೇಳುವ ಪ್ರಕಾರ, ಮದುವೆಯಾದಾಗಿನಿಂದ ಅವರು ಯಾವುದರ ಬಗ್ಗೆಯೂ ಅಷ್ಟು ಗೌರವದಿಂದ ಮಾತಾಡಿರಲಿಲ್ಲ.

ಆ ಬೀಗ ಹಾಕುವಾಗ ಕಂಪ್ಯೂಟರ್ ಒಂದು ರಿಕವರಿ ಕೀ ಕೊಟ್ಟಿತು. ಸಾಲುದ್ದದ ಅಂಕಿಗಳು. ಏನಾದರೂ ಕೆಟ್ಟು ಬಾಗಿಲು ತೆರೆಯದಿದ್ದರೆ ಈ ಅಂಕಿಗಳನ್ನು ಹಾಕಿ ಒಳಗೆ ಬರಬಹುದು, ಎಲ್ಲಾದರೂ ಭದ್ರವಾಗಿಡಿ ಎಂದಿತು. ಇಂಟರ್ನೆಟ್ಟಿನ ಖಾತೆಯಲ್ಲಿ ಇಡಲೇ ಎಂದು ಕೇಳಿತು. “ನಮ್ಮ ಮನೆ ಕೀ ಅವರಿವರ ಹತ್ರ ಯಾಕೆ?” ಎಂದು ದೊಡ್ಡಪ್ಪ ಒಪ್ಪಲಿಲ್ಲ. ಒಂದು ಪೆನ್‌ಡ್ರೈವಿನಲ್ಲಿ ಉಳಿಸಿದರು. ಕೆಲಸವೆಲ್ಲ ಮುಗಿದು ಕಂಪ್ಯೂಟರ್ ಸಲೀಸಾಗಿ ತೆರೆದುಕೊಂಡದ್ದನ್ನು ಖಾತ್ರಿ ಮಾಡಿಕೊಂಡ ಮೇಲೆ ಆ ಪೆನ್‌ಡ್ರೈವನ್ನು ಹೊಸ್ತಿಲ ಮೇಲಿಟ್ಟು ಸುತ್ತಿಗೆ ತಂದರು.

“ನೋಡ್ಕೋ. ನಿನ್ನ ಕಣ್ಣೆದುರಿಗೇ.”

ಒಂದೇ ಏಟು. ಸೋಪಿನ ಬಿಲ್ಲೆಯನ್ನು ತಿಕ್ಕಿದಷ್ಟೇ ಶ್ರದ್ಧೆ.

“ಮುಂದೆ ಬೇಕಾದ್ರೆ?” ಎಂದಳು ದೊಡ್ಡಮ್ಮ.

“ಬೇಕಾದ್ರೆ ಮಾಡಿಕೊಡೋದಕ್ಕೆ ನಾನಿಲ್ವೇನೇ? ಬೀಗ ಎದುರಿಗಿದ್ರೆ ಕೀ ಮಾಡೋದು ಎಷ್ಟು ಹೊತ್ತು?”

ಯಾರೂ ತೆಗೆಯಲಾಗದ ಬೀಗ ಎಂದು ಮೆಚ್ಚಿದವರೇ, ಯಾವಾಗ ಬೇಕಾದರೂ ಕೀ ಮಾಡಿಕೊಡುತ್ತೇನೆ ಎಂದರು. ಆ ಎರಡು ಮಾತು ಒಂದಕ್ಕೊಂದು ಕೂಡುವುದಿಲ್ಲ ಎಂದು ಅವರಿಗೆ ಹೊಳೆಯಲಿಲ್ಲ. ದೊಡ್ಡಮ್ಮನಿಗೂ ಹೊಳೆಯಲಿಲ್ಲ. ಅದೇ ದಿನ ಅವರು ಪೆನ್‌ಡ್ರೈವ್ ಚುಚ್ಚಿದರೆ ನಡೆಯದ ಹಾಗೂ ಮಾಡಿದರು, ಅದು ತೆರೆದ ಕಿಟಕಿಯಂತೆ.

ಹೀಗೆ ಕೆಲಸ ಶುರುವಾಯಿತು. ಪುಸ್ತಕ ದೇಹರಚನೆಯದು, ಮೂಳೆ, ಕೀಲು, ಸ್ನಾಯುಗಳ ಪಾಠ. ಅದನ್ನು ಓದಿಸಿಕೊಡಿ ಎಂದು ಗ್ರಂಥಾಲಯವನ್ನು ಕೇಳಿದ್ದು ಒಬ್ಬ ಹುಡುಗಿ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣದು, ನೋವಿಗೆ ನೀವಿ ಗುಣಪಡಿಸುವ ವಿದ್ಯೆ ಕಲಿಯುತ್ತಿದ್ದಳು. ಬೆರಳಿಗೆ ಎಲ್ಲವೂ ಗೊತ್ತು, ಆದರೆ ಪರೀಕ್ಷೆಯಲ್ಲಿ ಹೆಸರು ಹೇಳಬೇಕು. ಆ ಪುಸ್ತಕ ದನಿಯಲ್ಲಿ ಎಲ್ಲೂ ಇರಲಿಲ್ಲ. ಹಿಂದಿನ ವರ್ಷ ಒಮ್ಮೆ ಫೇಲಾಗಿದ್ದಳು. ಈ ಸಲವೂ ಆದರೆ ಹಾಸ್ಟೆಲ್ ಬಿಡಬೇಕಿತ್ತು.

“ಬಿಟ್ರೆ ಎಲ್ಲಿಗೆ ಹೋಗ್ತೀಯಮ್ಮ?” ಎಂದು ದೊಡ್ಡಮ್ಮ ಫೋನಿನಲ್ಲಿ ಕೇಳಿದ್ದಳು.

“ಅಣ್ಣನ ಮನೆಗೆ ಆಂಟಿ. ಅಲ್ಲಿ ನಂಗೊಂದು ಕುರ್ಚಿ ಇದೆ. ಬೆಳಿಗ್ಗೆ ಕೂರ್ಸಿದ್ರೆ ರಾತ್ರಿ ಎಬ್ಬಿಸ್ತಾರೆ. ಚೆನ್ನಾಗೇ ನೋಡ್ಕೋತಾರೆ.”

ದೊಡ್ಡಮ್ಮ ಮರುದಿನದಿಂದ ಹೆಚ್ಚು ಓದತೊಡಗಿದಳು.

ಒಂದೊಂದೇ ಪಾಠ ಕಳಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ. ಪೆನ್‌ಡ್ರೈವ್ ನಡೆಯುತ್ತಿರಲಿಲ್ಲ. ಇಂಟರ್ನೆಟ್ಟಿನ ತಂತಿಯನ್ನು ದೊಡ್ಡಪ್ಪ ಸಂಜೆ ತಾವು ಮನೆಯಲ್ಲಿದ್ದಾಗ ಮಾತ್ರ ಸಿಕ್ಕಿಸುತ್ತಿದ್ದರು. ಪಾಠದಷ್ಟು ದೊಡ್ಡ ಫೈಲು ಹೋಗುವಷ್ಟರಲ್ಲಿ ಕಿತ್ತುಬಿಡುತ್ತಿದ್ದರು. “ಪುಸ್ತಕ ಪೂರ್ತಿಯಾಗ್ಲಿ, ಕಂಪ್ಯೂಟರನ್ನೇ ಹೊತ್ಕೊಂಡು ಹೋಗಿ ಅಲ್ಲೇ ಇಳಿಸಿಕೊಟ್ಟು ಬರೋಣ,” ಎಂದಿದ್ದರು. ಅದೂ ಒಂದು ಕ್ರಮ ಎಂದು ದೊಡ್ಡಮ್ಮ ಒಪ್ಪಿಕೊಂಡಳು.

ಬೀರುವಿನ ದಿನಗಳು ಒಂದೇ ತೆರ. ಬಾಗಿಲು ಎಳೆದುಕೊಂಡರೆ ಕತ್ತಲು, ದೀಪದ ಸುತ್ತ ಒಂದು ತಟ್ಟೆಯಷ್ಟು ಬೆಳಕು. ಅಂಗಿಗಳ ತೋಳುಗಳು ಕೆನ್ನೆಗೆ ತಗಲುತ್ತವೆ, ಎಣ್ಣೆ ಮತ್ತು ಕಬ್ಬಿಣದ ವಾಸನೆ. ಮಂಡಿ ಚಾಚುವಂತಿಲ್ಲ. ಒಂದು ಪದ ತಪ್ಪಿದರೆ ಹೊರಗೆ ಬರಬೇಕು, ಅಷ್ಟರಲ್ಲಿ ಪರದೆ ಲಾಕ್ ಆಗಿರುತ್ತದೆ, ಆ ಉದ್ದದ ಪಾಸ್‌ವರ್ಡ್ ಹಾಡಿಕೊಂಡು ಹಾಕಬೇಕು, ತಪ್ಪಿದ ಕಡೆಗೆ ಹೋಗಬೇಕು, ಮತ್ತೆ ಒಳಗೆ. ಪಾಸ್‌ವರ್ಡನ್ನು ತಿಂಗಳಿಗೊಮ್ಮೆ ದೊಡ್ಡಪ್ಪ ಬದಲಿಸುತ್ತಿದ್ದರು. ಹಳೆಯದನ್ನೇ ಬಾಯಿ ಹಾಡುತ್ತಿರುತ್ತಿತ್ತು, ಹೊಸದು ಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ ದೊಡ್ಡಪ್ಪ ಏನೋ ಮರೆತದ್ದನ್ನು ತೆಗೆದುಕೊಂಡು ಹೋಗಲು ಮನೆಗೆ ಬಂದರು. ಕೋಣೆಯಲ್ಲಿ ಹಾದುಹೋಗುವಾಗ ಬೀರುವಿನ ಬಾಗಿಲು ಕೂದಲೆಳೆಯಷ್ಟು ತೆರೆದದ್ದು ಕಂಡಿತು. ಅವರ ಕೈ ಯೋಚಿಸುವುದಿಲ್ಲ. ಒತ್ತಿ, ಕೀ ತಿರುಗಿಸಿ, ಕೀ ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದರು. ಒಳಗೆ ದೊಡ್ಡಮ್ಮ ಭುಜದ ಕೀಲಿನ ಪಾಠದ ನಡುವೆ ಇದ್ದಳು. ಕ್ಲಿಕ್ ಎಂದದ್ದು ಕೇಳಿತು. “ರೀ” ಎಂದಳು. ಮುಂಬಾಗಿಲು ಬಿದ್ದ ಸದ್ದೂ ಕೇಳಿತು. ತಟ್ಟಿದಳು. ಎದುರಿಗೆ ಲೇಥ್ ಓಡುತ್ತಿತ್ತು, ಅವಳು ಕೂಗಿದ್ದು ಯಾರಿಗೆ ಕೇಳಿಸಬೇಕು? ಸದ್ದು ಒಳಗೆ ಬಾರದಿರಲಿ ಎಂದು ಅವಳೇ ತುರುಕಿದ್ದ ಕಂಬಳಿಗಳು ಅವಳ ದನಿಯನ್ನೂ ಹೊರಗೆ ಬಿಡಲಿಲ್ಲ. ಫೋನ್ ಜೊತೆಯಲ್ಲಿತ್ತು, ಒಳಗೆ ಸಿಗ್ನಲ್ ಇರಲಿಲ್ಲ. ಆಮೇಲೆ, ಮೈಕು ಇನ್ನೂ ಆನ್ ಇದೆ ಎಂಬುದು ನೆನಪಾಗಿ, ಮುಂದಿನ ಪ್ಯಾರಾ ಓದಿದಳು. ಅದರ ಮುಂದಿನದನ್ನೂ ಓದಿದಳು. ಭುಜ ಮುಗಿಯಿತು, ಮೊಣಕೈ ಮುಗಿಯಿತು. ದೀಪದ ಬೆಳಕು ಕೆಂಪಾಗಿ ಅಕ್ಷರ ಕಾಣದಾದಾಗ ನಿಲ್ಲಿಸಿದಳು. ಸಂಜೆ ಬಾಗಿಲು ತೆರೆದಾಗ ದೊಡ್ಡಪ್ಪನ ಮುಖ ಸುಣ್ಣದ ಹಾಗಾಗಿತ್ತು.

“ಕೂಗ್ಬಾರ್ದಾ?”

“ಕೂಗಿದೀನಿ. ಬೇಕಾದ್ರೆ ಅದರಲ್ಲಿ ಕೇಳ್ಕೊಳ್ಳಿ.”

ಆ ಭಾಗವನ್ನು ದೊಡ್ಡಮ್ಮ ಫೋನಿನಲ್ಲಿ ಹುಡುಗಿಗೆ ಕೇಳಿಸಿದಳು. ತಮಾಷೆಗೆ. ಹುಡುಗಿ ನಗಲಿಲ್ಲ. “ಕ್ಲಿಕ್ ಆದ ಮೇಲೆ ನಿಮ್ಮ ದನಿ ಬೇರೆ ಆಗಿದೆ ಆಂಟಿ. ಆದ್ರೂ ಒಂದು ಪದಾನೂ ತಪ್ಪಿಲ್ಲ,” ಎಂದಳು.

ಪುಸ್ತಕ ಮುಗಿಯಲು ಕಡೆಯ ಪಾಠವೊಂದೇ ಉಳಿದಿತ್ತು. ಪರೀಕ್ಷೆಗೆ ಇನ್ನೂ ಕೆಲವು ವಾರ ಇತ್ತು. ಆಗ ಅಂಗಡಿಗೆ ಬಂದ ಗಿರಾಕಿಯೊಬ್ಬರು ಮಾತಿಗೆ ಮಾತು ಬಂದು, ಹಳೆಯ ಕಂಪ್ಯೂಟರಿನೊಳಗೆ ಕೀಗಳನ್ನು ಇಟ್ಟುಕೊಳ್ಳುವ ಒಂದು ಚಿಪ್ ಇರುತ್ತದೆ ಎಂದರಂತೆ. ದೊಡ್ಡಪ್ಪ ಉಜ್ಜುತ್ತಿದ್ದ ಕೀಯನ್ನು ಕೆಳಗಿಟ್ಟರು. ಹಳೆಯ ಮಾಲೀಕರ ಕೀ ಒಳಗೇ ಇರುವಾಗ ತಾವು ಇಷ್ಟು ದಿನ ನೆಮ್ಮದಿಯಾಗಿದ್ದರೇ? ಅಂಗಡಿಯ ಕಟ್ಟುನಿಟ್ಟನ್ನೇ ಮನೆಯಲ್ಲಿ ಮರೆತಿದ್ದರೇ? ಬೆಳಿಗ್ಗೆ ಬೇಗ ಎದ್ದು, ಕಂಪ್ಯೂಟರ್ ಆನ್ ಆಗುವ ಮೊದಲು ಬರುವ ನೀಲಿ ಪಟ್ಟಿಯನ್ನು ಹುಡುಕಿ ಹೋದರು. ಸೆಕ್ಯುರಿಟಿ ಚಿಪ್ಪಿನ ಸಾಲಿನಲ್ಲಿ, ಇರುವ ಕೀಗಳನ್ನೆಲ್ಲ ಅಳಿಸುವುದು ಎಂದಿತ್ತು. ಒತ್ತಿದರು. ಒಮ್ಮೆ ಅಳಿಸಿದರೆ ಹಿಂದಕ್ಕೆ ಬರುವುದಿಲ್ಲ, ಮುಂದುವರಿಯಲೇ ಎಂದು ಅದು ಕೇಳಿತು.

“ಅದೇ ತಾನೇ ಬೇಕಾಗಿದ್ದು,” ಎಂದರು ದೊಡ್ಡಪ್ಪ.

ಕಂಪ್ಯೂಟರ್ ಮತ್ತೆ ಆನ್ ಆದಾಗ ಪಾಸ್‌ವರ್ಡ್ ಕೇಳಲಿಲ್ಲ. ರಿಕವರಿ ಕೀ ಕೇಳಿತು.

ಇಡೀ ದಿನ ದೊಡ್ಡಪ್ಪ ಆ ಪರದೆಯ ಮುಂದೆ ಕುಳಿತಿದ್ದರು. ಬೀಗ ಎದುರಿಗಿತ್ತು, ಅರ ಇಡಲು ಜಾಗ ಇರಲಿಲ್ಲ. ಹೊಸ್ತಿಲ ಸಂದಿಯಲ್ಲಿ ಸಿಕ್ಕಿದ್ದ ಪೆನ್‌ಡ್ರೈವಿನ ಒಂದು ಚೂರನ್ನು ಸೂಜಿಯಿಂದ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ದೊಡ್ಡಮ್ಮ ಹಾಸಿಗೆಯ ಅಂಚಿನಲ್ಲಿ ಕುಳಿತು ಅವರ ಬೆನ್ನನ್ನೇ ನೋಡುತ್ತಿದ್ದಳು. ಸಂಜೆ ಇಬ್ಬರೂ ಅದನ್ನು ರಿಪೇರಿಯವರ ಹತ್ತಿರ ಹೊತ್ತುಕೊಂಡು ಹೋದರು.

ರಿಪೇರಿಯವರು ಕೇಳಿದ್ದು ಒಂದೇ. “ಕೀ ಎಲ್ಲಿ ಉಳಿಸಿದ್ರಿ ಸಾರ್?”

“ಒಡೆದುಹಾಕ್ದೆ.”

“ಯಾಕೆ?”

ದೊಡ್ಡಪ್ಪ ಜೇಬಿನಿಂದ ಪೆನ್‌ಡ್ರೈವಿನ ಆ ಚೂರು ತೆಗೆದು ಮೇಜಿನ ಮೇಲಿಟ್ಟರು.

“ದಿನಾ ಬಾಗಿಲು ತೆಗೀತಿದ್ದದ್ದು ಆ ಚಿಪ್ಪೇ ಸಾರ್. ಅದರಲ್ಲಿದ್ದದ್ದು ಹಳೇ ಮಾಲೀಕರ ಕೀ ಅಲ್ಲ, ನಿಮ್ಮದೇ. ಅದನ್ನ ನೀವೇ ಅಳಿಸಿದೀರಿ. ಇನ್ನೊಂದಿತ್ತು, ಅದನ್ನೂ ಒಡೆದಿದೀರಿ. ಕಳ್ಳನ ಕೈಗೆ ಸಿಕ್ಕಿದ್ರೂ ಒಳಗಿನದು ಸಿಗಲ್ಲ, ಆ ಮಟ್ಟಿಗೆ ಚೆನ್ನಾಗಿ ಮಾಡಿದೀರಿ. ನಿಮಗೂ ಸಿಗಲ್ಲ. ಡಿಸ್ಕ್ ಖಾಲಿ ಮಾಡಿ ಮೊದಲಿಂದ ಹಾಕಿಕೊಡ್ತೀನಿ, ಬೇಕಾ?”

“ಒಳಗೆ ನನ್ನ ದನಿ ಇದೆ,” ಎಂದಳು ದೊಡ್ಡಮ್ಮ.

“ಇದೆ ಅಮ್ಮ. ಅಲ್ಲೇ ಇದೆ. ಹೊರಗೆ ಬರಲ್ಲ.”

ಮನೆಯ ಮೆಟ್ಟಿಲಲ್ಲಿ ದೊಡ್ಡಪ್ಪ ಸೊಂಟದಿಂದ ಕೀ ತೆಗೆದರು, ಬಾಗಿಲು ತೆರೆದರು, ದೊಡ್ಡಮ್ಮ ಒಳಗೆ ಹೋದಳು. ಹಿಂದೆ ಬಾಗಿಲು ತಾನೇ ಬಿತ್ತು. ಆ ಸದ್ದನ್ನು ಅವಳು ಸಾವಿರ ಸಲ ಕೇಳಿದ್ದಳು, ಆದರೆ ಅಂದು ನಿಂತು ಕೇಳಿಸಿಕೊಂಡಳಂತೆ.

ಹುಡುಗಿಗೆ ಫೋನಿನಲ್ಲಿ ಹೇಳುವುದು ಕಷ್ಟವಾಯಿತು. ಎಲ್ಲಾ ಕೇಳಿಸಿಕೊಂಡು ಹುಡುಗಿ ಮೆಲ್ಲಗೆ, “ಪರವಾಗಿಲ್ಲ ಆಂಟಿ. ಕುರ್ಚಿ ಒಂದು ಇದ್ದೇ ಇದೆಯಲ್ಲ,” ಎಂದಳು. ಅವಳೂ ತಮಾಷೆಗೇ ಹೇಳಿದ್ದು. ಈ ಸಲ ದೊಡ್ಡಮ್ಮ ನಗಲಿಲ್ಲ.

ಬೀರುವಿನಲ್ಲಿ ಮೊದಲಿನಿಂದ ಓದಿ, ತಿದ್ದಿ, ಕಳಿಸಲು ಸಮಯ ಸಾಲದು. ಫೋನಿನಲ್ಲಿ ಓದೋಣವೆಂದರೆ ಬೀರುವಿನೊಳಗೆ ಸಿಗ್ನಲ್ ಇಲ್ಲ, ಹೊರಗೆ ಲೇಥ್. ಮರುದಿನ ಬೆಳಿಗ್ಗೆ ದೊಡ್ಡಪ್ಪ ಅಂಗಡಿಗೆ ಹೊರಡುವ ಹೊತ್ತಿಗೆ ದೊಡ್ಡಮ್ಮ ಚಪ್ಪಲಿ ಮೆಟ್ಟಿ, ಪುಸ್ತಕವನ್ನು ಚೀಲದಲ್ಲಿಟ್ಟು ನಿಂತಿದ್ದಳು.

“ಎಲ್ಲಿಗೆ?”

“ಹಾಸ್ಟೆಲಿಗೆ. ಅವಳ ಹತ್ರ ಕೂತೇ ಓದ್ತೀನಿ. ಅವಳ ಫೋನಲ್ಲಿ ಅವಳೇ ರೆಕಾರ್ಡ್ ಮಾಡ್ಕೋತಾಳೆ. ಪರೀಕ್ಷೆವರೆಗೂ ದಿನಾ ಹೋಗ್ಬೇಕು.”

“ಯಾವಾಗ ಬರ್ತೀಯ?”

“ಓದಿ ಮುಗಿದಾಗ.”

“ನಾನು ಅಂಗಡೀಲಿರ್ತೀನಿ. ನೀನು ಒಳಗೆ ಬರೋದು ಹೇಗೆ?”

“ಅದನ್ನೇ ನಾನೂ ಯೋಚಿಸ್ತಿದೀನಿ, ಅಚ್ಚುಮನೆ ಮುಚ್ಚಿದಾಗಿಂದ,” ಎಂದಳು ದೊಡ್ಡಮ್ಮ. ಅರೆಯಿಂದ ಇಸ್ತ್ರಿ ಪೆಟ್ಟಿಗೆ ತಂದು ಬಾಗಿಲಿಗೂ ಚೌಕಟ್ಟಿಗೂ ನಡುವೆ ಇಟ್ಟಳು. “ಬಾಗಿಲು ತೆರೆದೇ ಇರಲಿ. ಮುಗೀತು, ಪೂರ್ಣವಿರಾಮ.”

ಅವಳು ಬೀದಿಯ ತಿರುವು ದಾಟಿದ ಮೇಲೆ ದೊಡ್ಡಪ್ಪ ಪೆಟ್ಟಿಗೆಯನ್ನು ಎತ್ತಿದರಂತೆ. ಬಾಗಿಲು ಮೆಲ್ಲನೆ ಮುಚ್ಚಿಕೊಳ್ಳತೊಡಗಿತು. ಮತ್ತೆ ಇಟ್ಟರು. ಅಂಗಡಿಗೆ ಹೋಗಲಿಲ್ಲ. ತೆರೆದ ಮನೆಯನ್ನು ಕಾಯುತ್ತ ಹೊಸ್ತಿಲ ಮೇಲೆ ಕುಳಿತರು. ಗಿರಾಕಿಗಳು ಮನೆ ಹುಡುಕಿಕೊಂಡು ಬಂದು ಅಲ್ಲೇ ಬೀಗ ಕೊಟ್ಟು ಹೋದರು.

“ಏನಪ್ಪಾ ಬೀಗದಣ್ಣ,” ಎಂದರು ಎದುರುಮನೆ ಅಜ್ಜಿ, “ಕೀ ಕಳ್ಕೊಂಡ್ಯಾ? ನಂಗೊಬ್ರು ಗೊತ್ತು, ಚೆನ್ನಾಗಿ ಮಾಡಿಕೊಡ್ತಾರೆ.”

“ಸುಮ್ನಿರಜ್ಜಿ.”

ಅವರು ನೀರು ಕುಡಿಯಲು ಒಳಗೆ ಹೋಗುವಾಗಲೂ ತಿರುಗಿ ನೋಡುತ್ತಿದ್ದರಂತೆ. ಮರುದಿನವೂ ಹಾಗೆಯೇ ಆಯಿತು. ದೊಡ್ಡಪ್ಪನೇ ಆಮೇಲೆ ನಮ್ಮಮ್ಮನಿಗೆ ಹೇಳಿದರು, ಬಾಗಿಲು ತೆರೆದಿರುವ ಮನೆಯಲ್ಲಿ ಕಾಲಿಗೆ ಹಗ್ಗ ಕಟ್ಟಿದ ಹಾಗಿತ್ತು ಎಂದು. ಅದರ ಮರುದಿನ ಬೆಳಿಗ್ಗೆ ಅವರು ಅಂಗಡಿಯ ಗೋಡೆಯ ಕೀಗಳಲ್ಲಿ ಒಂದನ್ನು ತಂದು, ಹೊಸ್ತಿಲ ಮೇಲೆ ಕುಳಿತು, ಉಜ್ಜಿದರು. ಉಜ್ಜಿದ್ದನ್ನು ದೊಡ್ಡಮ್ಮನ ಚೀಲದ ಪಕ್ಕದಲ್ಲಿಟ್ಟು ಅಂಗಡಿಗೆ ಹೋದರು. ದೊಡ್ಡಮ್ಮ ಅದನ್ನು ಎತ್ತಿಕೊಂಡು, ಬಾಗಿಲು ಎಳೆದುಕೊಂಡು ಹೊರಟಳು.

ಸಂಜೆ ಬಂದು ಹಾಕಿದರೆ ಅದು ತಿರುಗಲಿಲ್ಲ.

“ಸ್ವಲ್ಪ ಮೇಲಕ್ಕೆತ್ತಿ ತಿರುಗಿಸು,” ಎಂದು ಒಳಗಿನಿಂದ ದೊಡ್ಡಪ್ಪನ ದನಿ ಬಂತು.

“ಒಳಗೇ ಇದೀರಲ್ಲ, ತೆಗೀಬಾರ್ದಾ?”

“ನಾನು ತೆಗೆಯಲ್ಲ. ನೀನೇ ತೆಗಿ.”

ಎತ್ತಿ ತಿರುಗಿಸಿದಳು, ತೆರೆಯಿತು. ದೊಡ್ಡಪ್ಪ ಅರ ಹಿಡಿದುಕೊಂಡು ಕೈ ಚಾಚಿದರು. “ಕೊಡಿಲ್ಲಿ. ಒಂದು ಹಲ್ಲು ಉಬ್ಬಿದೆ, ಸರಿಮಾಡ್ತೀನಿ.”

“ಇರ್ಲಿ ಬಿಡಿ,” ಎಂದು ದೊಡ್ಡಮ್ಮ ಕೀಯನ್ನು ಚೀಲದೊಳಕ್ಕೆ ಹಾಕಿಕೊಂಡಳು. ಇವತ್ತಿಗೂ ಅವಳು ಅದನ್ನು ಎತ್ತಿಯೇ ತಿರುಗಿಸುತ್ತಾಳೆ. ಸರಿಮಾಡಲು ಸಹ ಅವರ ಕೈಗೆ ಕೊಟ್ಟಿಲ್ಲ.

ಹಾಸ್ಟೆಲಿನ ಕೋಣೆಯ ಓದಿನಲ್ಲಿ ಬಕೆಟ್ಟಿನ ಸದ್ದು, ಚಪ್ಪಲಿಯ ಸದ್ದು, ಯಾರೋ ಯಾರನ್ನೋ ಕರೆಯುವುದು ಎಲ್ಲವೂ ಸೇರಿಕೊಂಡಿತ್ತು. ಗ್ರಂಥಾಲಯಕ್ಕೆ ಅದು ಆಗಿಬರುವುದಿಲ್ಲ, ಹುಡುಗಿಗೆ ಸಾಕಾಯಿತು. ಪರೀಕ್ಷೆಯ ಹಿಂದಿನ ಮಧ್ಯಾಹ್ನ ಪುಸ್ತಕ ಮುಗಿಯಿತು. ಹುಡುಗಿ ಪಾಸಾದಳು, ಹೆಚ್ಚು ಅಂಕವೇನೂ ಅಲ್ಲ, ಪಾಸಿನ ಗೆರೆಯ ಮೇಲಷ್ಟೇ. ಹಾಸ್ಟೆಲಿನಲ್ಲೇ ಇದ್ದಾಳೆ.

ಗ್ರಂಥಾಲಯಕ್ಕಾಗಿ ಈಗ ದೊಡ್ಡಮ್ಮ ಆ ಪುಸ್ತಕವನ್ನು ಮೊದಲಿನಿಂದ ಬೀರುವಿನಲ್ಲಿ ಕೂತು ಓದುತ್ತಿದ್ದಾಳೆ. ಸೆಕೆ ಹಾಗೆಯೇ ಇದೆ, ಲೇಥ್ ಹಾಗೆಯೇ ಇದೆ. ದೊಡ್ಡಪ್ಪ ಬೀರುವಿನ ಬೀಗವನ್ನು ಕಿತ್ತುಹಾಕಿದ್ದಾರೆ. ಅದರ ತೂತಿನಿಂದ ಸದ್ದು ಬರುತ್ತದೆಂದು ಅವಳು ಅವರದೇ ಕಾಲುಚೀಲವನ್ನು ತುರುಕಿದ್ದಾಳೆ.

ಖಾಲಿ ಮಾಡಿಸಿ ತಂದ ಕಂಪ್ಯೂಟರಿಗೆ ಮತ್ತೆ ಎಲ್ಲವನ್ನೂ ಹಾಕಿದ ದಿನ ಕುರ್ಚಿಯಲ್ಲಿ ಕುಳಿತವಳು ದೊಡ್ಡಮ್ಮ. ದೊಡ್ಡಪ್ಪ ಹಿಂದೆ ನಿಂತಿದ್ದರು. ಎನ್‌ಕ್ರಿಪ್ಷನ್ನಿನ ಪುಟ ಬಂದಾಗ, “ಅದು ಬೇಡ ಬಿಡೇ,” ಎಂದರು.

“ಯಾಕೆ ಬೇಡ? ಬೀಗ ಒಳ್ಳೇದೇ. ನೀವೇ ಹೇಳಿದ್ರಲ್ಲ.”

ರಿಕವರಿ ಕೀ ಬಂತು. ದೊಡ್ಡಮ್ಮ ಪೆನ್‌ಡ್ರೈವಿನಲ್ಲಿ ಉಳಿಸಿದಳು, ಅದು ಈಗ ನಮ್ಮ ಮನೆಯಲ್ಲಿದೆ. ಆದರೆ ಅಚ್ಚುಮನೆಯವಳಿಗೆ ಒಂದೇ ಪ್ರತಿಯಿದ್ದರೆ ನಿದ್ದೆ ಬಾರದು. ಕಾಗದದ ಮೇಲೂ ಇರಬೇಕು, ಅದನ್ನು ಒಬ್ಬರು ಓದಿ ಇನ್ನೊಬ್ಬರು ನೋಡಬೇಕು. ಅದಕ್ಕೆ ನಮ್ಮಮ್ಮನನ್ನು ಕರೆಸಿದ್ದಳು. ಅಂಕಿಗಳನ್ನು ಒಬ್ಬೊಬ್ಬರೂ ಒಂದೊಂದು ಚೀಟಿಗೆ ಇಳಿಸಿಕೊಂಡು, ಅಕ್ಕ ತಂಗಿ ಇಬ್ಬರೂ ಬೀರುವಿನೊಳಗೆ ಹೊಕ್ಕು ಬಾಗಿಲು ಎಳೆದುಕೊಂಡರು.

“ಹೊರಗೇ ಓದ್ಬಾರ್ದೇನೇ?” ಎಂದರು ದೊಡ್ಡಪ್ಪ.

“ಗಿರಾಕಿ ಅಚ್ಚು ನಿಮ್ಮ ಹತ್ರ ಇರಬಾರದು,” ಎಂದು ಒಳಗಿನಿಂದ ಉತ್ತರ ಬಂತು. ಜೊತೆಗೆ ನಮ್ಮಮ್ಮನ ನಗು, “ಅಕ್ಕಾ, ನಿನ್ನ ಮೊಣಕೈ” ಎಂಬ ಮಾತು.

ಓದು ಶುರುವಾಯಿತು. ಕಾಲುಚೀಲವನ್ನೂ ದಾಟಿ ದನಿ ಹೊರಗೆ ಬರುತ್ತಿತ್ತು. ಒಂದು ಅಂಕಿ, ಇನ್ನೊಂದು ಅಂಕಿ, ಅಲ್ಪವಿರಾಮ. ದೊಡ್ಡಪ್ಪ ಅಡುಗೆಮನೆಗೆ ಹೋಗಿ, ಏನೂ ಕೇಳಿಸದಿರಲೆಂದು, ನಲ್ಲಿಯನ್ನು ಪೂರ್ತಿ ತಿರುಗಿಸಿ ಖಾಲಿ ಕೊಡದ ಕೆಳಗೆ ಬಿಟ್ಟರು. ಕೊಡ ತುಂಬಿ ಚೆಲ್ಲತೊಡಗಿದರೂ ನಿಲ್ಲಿಸಲಿಲ್ಲ. ಬೀರುವಿನಿಂದ ದೊಡ್ಡಮ್ಮ “ಓದಿ ಆಯ್ತು, ನಲ್ಲಿ ನಿಲ್ಸಿ” ಎಂದು ಕೂಗಿದ ಮೇಲೆಯೇ ನಿಲ್ಲಿಸಿದರು.